ಕೆಂಡಕ್ಕೆ ಬೂದಿಯ ಕಂಬಳಿ

ಲೋಕ ಇನ್ನೂ ಹಸಿಮಣ್ಣಿನ ಗಡಿಗೆಯ ಹಾಗೆ ಮೆತ್ತಗಿದ್ದ ಕಾಲ. ಬೆಟ್ಟಗಳು ಯಾವ ಮಗ್ಗುಲಿಗೆ ಒರಗಬೇಕೆಂದು ಯೋಚಿಸುತ್ತಿದ್ದವು. ಗಾಳಿಗೂ ಮರಕ್ಕೂ ಮಾತುಕತೆ ಇತ್ತು, ಜಗಳವೂ ಇತ್ತು.

ಆಗ ಭೂಮಿಯ ಮೇಲೆ ಹಗಲಿರುಳು ಉರಿಯುವ ಒಲೆ ಒಂದೇ. ಬೆಂಕಿಯನ್ನು ಕೊಡುವಾಗ ಸೂರ್ಯ ಹೇಳಿದ್ದ: "ಬೆಂಕಿ ಆರಿಸಿಬಿಟ್ಟು ಮತ್ತೆ ನನ್ನ ಬಾಗಿಲಿಗೆ ಬರಬೇಡಿ. ಕೊಡುವುದು ಒಂದೇ ಸಲ."

ಆ ಒಲೆ ಹಾಲವ್ವನ ಮನೆಯಲ್ಲಿತ್ತು. ಬೆಳಗಾದರೆ ಊರ ಹೆಂಗಸರು ಹಂಚಿನ ಚೂರು ಹಿಡಿದು ಬಂದು ಒಂದೊಂದು ಕೆಂಡ ಒಯ್ಯುವರು. ಗಂಜಿ ಬೇಯುವಷ್ಟರಲ್ಲಿ ಅದು ಆರಿಹೋಗುವುದು. ಮಾರನೆಯ ದಿನ ಮತ್ತೆ ಹಾಲವ್ವನ ಬಾಗಿಲು.

ಆ ಕಾಲದ ಕೆಂಡ ಬೆತ್ತಲೆ. ಮೈಮೇಲೆ ಚೂರು ಬೂದಿ ನಿಂತರೂ ಕೊಡವಿ ಬೀಳಿಸುತ್ತಿತ್ತು. "ತೊಲಗು! ನಾನು ಉಂಡು ಬಿಟ್ಟ ಎಂಜಲು ನೀನು" ಎನ್ನುತ್ತಿತ್ತು. ಬೂದಿ ಮಾತಾಡುತ್ತಿರಲಿಲ್ಲ. ಹಾಲವ್ವನೂ ಚೊಕ್ಕತನದ ಹೆಂಗಸು. ದಿನಾ ಒಲೆ ಗೋರಿ, ಬೂದಿಯನ್ನು ಮೊರದಲ್ಲಿ ತುಂಬಿ ತಿಪ್ಪೆಗೆ ಸುರಿಯುತ್ತಿದ್ದಳು.

ಬೆತ್ತಲೆ ಕೆಂಡಕ್ಕೆ ಹಸಿವು ಜಾಸ್ತಿ. ಅಡುಗೆ ಇರಲಿ, ಇಲ್ಲದಿರಲಿ, "ಅವ್ವಾ, ಕಟ್ಟಿಗೆ!" ಉಣ್ಣಲು ಕೂತರೆ "ಅವ್ವಾ, ಕಟ್ಟಿಗೆ!" ಕಣ್ಣು ಮುಚ್ಚಿದರೆ "ಅವ್ವಾ, ಕಟ್ಟಿಗೆ!" ಊರ ಪಕ್ಕದ ಮರಗಳು ಮುಗಿದವು. ಹಳ್ಳದಾಚೆಯವೂ ಮುಗಿದವು. ಉಳಿದದ್ದು ಒಂದು ಮುದಿ ಹುಣಸೆಮರ.

"ಹಾಲವ್ವ, ಒಣರೆಂಬೆ ಎಲ್ಲ ಕೊಟ್ಟಾಯ್ತು. ಇನ್ನು ಉಳಿದಿರೋದು ನಾನೇ" ಎಂದಿತು ಮರ.

ಹಾಲವ್ವ ಕೊಡಲಿ ಎತ್ತಿದಳು. ಮೇಲೆ ಗೂಡಿನಲ್ಲಿ ಮರಿಗಳ ಚಿಲಿಪಿಲಿ ಕೇಳಿಸಿತು. ಕೊಡಲಿ ಇಳಿಸಿ ಬರಿಗೈಯಲ್ಲಿ ಮನೆಗೆ ಬಂದಳು.

ಅಷ್ಟರಲ್ಲಿ ಮಳೆ ಹಿಡಿಯಿತು. ಹಿಡಿದ ಮಳೆ ಬಿಡಲೇ ಇಲ್ಲ. ತಿಪ್ಪೆಗೆ ಹೋಗಲಾಗದೆ ಹಾಲವ್ವ ಬೂದಿಯನ್ನು ಒಲೆಯ ಪಕ್ಕ ಒಡಕು ಗಡಿಗೆಯಲ್ಲಿ ತುಂಬಿಟ್ಟಳು. ಮೂಲೆಯ ಕಟ್ಟಿಗೆ ಕರಗುತ್ತಾ ಬಂದು, ಒಂದು ಸಂಜೆ ಕಡೆಯ ತುಂಡೂ ಉರಿದು ಕೆಂಡವಾಯಿತು.

"ಅವ್ವಾ, ಇನ್ನೇನು ಕೊಡ್ತೀ?" ಎಂದಿತು ಕೆಂಡ.

"ಏನೂ ಇಲ್ಲ ಮಗಾ."

"ನನಗೆ ಭಯ ಆಗ್ತಿದೆ."

ಹಾಲವ್ವನಿಗೂ ಭಯವಾಗಿತ್ತು. ಆಗ ಒಡಕು ಗಡಿಗೆಯಿಂದ ಒಂದು ಮೆತ್ತನೆಯ ದನಿ ಬಂತು. "ಅವ್ವ, ನಾನು ಅದಕ್ಕೆ ಹೊದಿಕೆಯಾಗಲಾ?"

ಹಾಲವ್ವ ಬೂದಿಯ ದನಿ ಕೇಳಿದ್ದು ಅದೇ ಮೊದಲು. "ನೀನಾ? ಉಸಿರುಕಟ್ಟಿ ಸಾಯುತ್ತೆ ಕಣೇ."

"ನಾನು ಅದರ ಮೈಯಿಂದಲೇ ಉದುರಿದವಳು. ಅದಕ್ಕೆ ಎಷ್ಟು ಉಸಿರು ಬೇಕು ಅಂತ ನನಗೆ ಗೊತ್ತು."

"ಎಂಜಲನ್ನ ಹೊದೀಲಾ ನಾನು?" ಎಂದು ಕೆಂಡ ಸಿಡಿಯಿತು.

"ಬಾಯ್ಮುಚ್ಚು! ಸಾಯೋ ಹೊತ್ತಲ್ಲೂ ನಿನ್ನ ಜಂಬ ನೋಡು" ಎಂದು ಗದರಿ, ಹಾಲವ್ವ ಬೂದಿಯನ್ನು ಬೊಗಸೆಯಲ್ಲಿ ತೆಗೆದು ಮೆಲ್ಲಗೆ ಮುಚ್ಚಿದಳು. ಕೆಂಪು ಮಾಯವಾಯಿತು. ಮನೆ ಕತ್ತಲಾಯಿತು. ಕೆಂಡ ಕರೆಯಲಿಲ್ಲ, ಕಟ್ಟಿಗೆ ಕೇಳಲಿಲ್ಲ. ಅದು ಕೇಳದಿದ್ದುದೇ ಹಾಲವ್ವನ ಎದೆಯಲ್ಲಿ ಕಲ್ಲಾಗಿ ಕೂತಿತು. ಬೆಳಗಿನವರೆಗೆ ಅವಳು ಒಲೆಯ ಮುಂದಿನಿಂದ ಏಳಲಿಲ್ಲ.

ಬೆಳಗ್ಗೆ ಮಳೆ ನಿಂತಿತು. ಹೆಂಗಸರು ಹಂಚಿನ ಚೂರು ಹಿಡಿದು ಬಂದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ದ್ಯಾವಕ್ಕ. ಅವಳ ನಾಲಿಗೆ ಕುಡುಗೋಲಿಗಿಂತ ಹರಿತ.

"ಅಯ್ಯೋ, ಇದೇನೇ ಹಾಲವ್ವ? ಕೆಂಡ ಕೇಳೋಕೆ ಬಂದರೆ ಒಲೆಗೇ ಗೋರಿ ಕಟ್ಟಿದೀಯಲ್ಲೇ! ಇನ್ನು ಸೂರ್ಯನ ಮನೆಗೆ ನೀನೇ ಹೊರಡು. ಬುತ್ತಿ ನಾವು ಕಟ್ಟಿಕೊಡ್ತೀವಿ. ಹಸಿಹಿಟ್ಟಿನ ಬುತ್ತಿ!"

ಉಳಿದವರು ಬಾಗಿಲಲ್ಲೇ ನಿಂತು ಒಲೆಯತ್ತ ಇಣುಕಿದರು.

ಹಾಲವ್ವ ಬೂದಿಯ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಬೆರಳಿನಿಂದ ಸರಿಸಿದಳು. ಇನ್ನೂ ಬೆಚ್ಚಗಿತ್ತು. ಬಗ್ಗಿ, ಮಗುವಿನ ಕಣ್ಣಿಗೆ ಬಿದ್ದ ಧೂಳು ಊದುವ ಹಾಗೆ ಊದಿದಳು.

ಒಂದು ಕೆಂಪು ಕಣ್ಣು ತೆರೆಯಿತು.

"ಬೆಳಗಾಯ್ತೇನವ್ವ?" ಎಂದಿತು ಕೆಂಡ, ಆಕಳಿಸುತ್ತಾ.

"ಹಸಿವಾ ಮಗಾ?"

"ಇಲ್ಲವಲ್ಲ! ಚಳಿ. ನನ್ನ ಕಂಬಳಿ ಎಲ್ಲಿ?"

ಹಾಲವ್ವ ಗೋಡೆಗೆ ಒರಗಿ ನಕ್ಕಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. ಬಾಗಿಲಲ್ಲಿ ನಿಂತವರ ಉಸಿರು ಒಟ್ಟಿಗೇ ಹೊರಬಂತು. ದ್ಯಾವಕ್ಕ ಹೊಸ್ತಿಲ ಮೇಲೆ ಕುಸಿದು ಕೂತು, "ನಾನು ಹೇಳಿರಲಿಲ್ವೇನ್ರೇ, ನಮ್ಮ ಹಾಲವ್ವ ಬೆಂಕೀನ ಆರಗೊಡೋಳಲ್ಲ ಅಂತ!" ಎಂದಳು.

ಅಂದು ಹೆಂಗಸರು ಕೆಂಡದ ಜೊತೆಗೆ ಒಂದೊಂದು ಹಿಡಿ ಬೂದಿಯನ್ನೂ ಒಯ್ದರು. ಅಡುಗೆ ಮುಗಿದೊಡನೆ ಮುಚ್ಚಿದರು, ಬೇಕಾದಾಗ ಊದಿದರು. ಹಾಲವ್ವನ ಬಾಗಿಲಿಗೆ ಬರುವವರು ಬರೀ ಹರಟೆಗೆ ಬರತೊಡಗಿದರು. ಮಿಕ್ಕ ಬೂದಿಯಲ್ಲಿ ಪಾತ್ರೆ ಬೆಳಗಿದರು. ಒಂದು ಮೊರದಷ್ಟನ್ನು ಹಾಲವ್ವ ಹುಣಸೆಮರದ ಬುಡಕ್ಕೆ ಹಾಕಿ ಬಂದಳು. ಕಟ್ಟಿಗೆಗೆ ತಾನಾಗಿ ಉದುರಿದ ಪುಳ್ಳೆಯೇ ಸಾಕಾಯಿತು. ಹಳ್ಳದಾಚೆ ಮತ್ತೆ ಸಸಿಗಳು ತಲೆಯೆತ್ತಿದವು.

ಕೆಂಡ ಆಮೇಲೆ ಎಂದೂ ಬೂದಿಯನ್ನು ಕೊಡವಲಿಲ್ಲ. ಬೀದಿಯ ಮೂಲೆಯಲ್ಲಿ ಜೋಳ ಸುಡುವ ಅಜ್ಜಿಯ ಬೀಸಣಿಗೆ ಒಂದು ಗಳಿಗೆ ನಿಂತಾಗ ನೋಡಿ: ಕೆಂಡ ಇವತ್ತಿಗೂ ಬೂದಿಯ ಕಂಬಳಿಯನ್ನು ಮೆಲ್ಲಗೆ ಮೈಮೇಲೆ ಎಳೆದುಕೊಂಡು, ಯಾರಾದರೂ ಊದುವವರೆಗೆ ಒಳಗೇ ಬೆಚ್ಚಗೆ ನಿದ್ದೆ ಮಾಡುತ್ತದೆ.