ಕಡಲಮ್ಮನ ಬಿಳಿ ಮಗಳು

ಲೋಕ ಇನ್ನೂ ಎಳೆಯದಾಗಿತ್ತು ಪುಟ್ಟಿ. ಗಾಳಿಗೆ ಮಾತು ಬರುತ್ತಿತ್ತು, ನೀರಿಗೆ ಕಿವಿ ಇತ್ತು. ಆಗ ಭೂಮಿಯ ಉತ್ತರದ ತುದಿಯಲ್ಲೂ ಬರೀ ಕಡಲೇ, ಕಡುನೀಲಿ ಕಡಲು.

ಸೂರ್ಯ ಕೊಟ್ಟ ಬಿಸಿಲನ್ನೆಲ್ಲ ಕಡಲಮ್ಮ ಕುಡಿದುಬಿಡುತ್ತಿದ್ದಳು. ಬೇಡ ಎನ್ನಲು ಅವಳಿಗೆ ಬರುತ್ತಿರಲಿಲ್ಲ. ಅವಳ ಬಣ್ಣವೇ ಹಾಗೆ, ಬಿದ್ದದ್ದೆಲ್ಲ ಒಳಗಿಳಿಯುತ್ತಿತ್ತು. ಕುಡಿದು ಕುಡಿದು ಅವಳ ಮೈ ಜ್ವರ ಬಂದಂತೆ ಕಾಯಿತು. ಮೀನುಗಳು ಉಸಿರುಕಟ್ಟಿ ಮೇಲೆ ತೇಲಿದವು.

"ಗಾಳಿಯಣ್ಣ, ನನ್ನ ಮಕ್ಕಳು ಸಾಯ್ತಿದಾವೆ, ಏನಾದರೂ ಮಾಡಣ್ಣ" ಎಂದು ಅತ್ತಳು.

ಸೂರ್ಯ ಮುಖ ತೋರಿಸದ ಚಳಿಗಾಲವೆಲ್ಲ ಉತ್ತರದ ಗಾಳಿ ಅವಳ ಮೇಲೆ ಬೀಸಿತು. ನೀರು ಹೆಪ್ಪುಗಟ್ಟಿತು. ಹಾಗೆ ಹುಟ್ಟಿದಳು ಕಡಲಮ್ಮನ ಮಗಳು ಹಿಮವ್ವ, ಹಾಲಿಗಿಂತ ಬೆಳ್ಳಗೆ.

ಮತ್ತೆ ಸೂರ್ಯ ಬಂದಾಗ, ಹಿಮವ್ವ ತಾಯಿಯ ಮೇಲೆ ಮೈಚಾಚಿ ಮಲಗಿ, ಬಂದ ಬಿಸಿಲಲ್ಲಿ ಬಹುಪಾಲನ್ನು ಆಕಾಶಕ್ಕೇ ತಿರುಗಿಸಿದಳು.

"ಸೂರ್ಯಮಾವ, ನಮಗೆ ಇಷ್ಟು ಸಾಕು. ಉಳಿದದ್ದು ನೀನೇ ಇಟ್ಕೋ."

ಸೂರ್ಯ ನಕ್ಕ. ಕಡಲು ತಣಿಯಿತು. ಬಿಳಿ ಕರಡಿಯ ಮರಿಗಳು ಹಿಮವ್ವನ ಬೆನ್ನ ಮೇಲೆ ಆಡಿದವು. ಬೇಸಿಗೆಯಲ್ಲಿ ಅವಳು ಒಂದಿಷ್ಟು ಸೊರಗುವಳು, ಚಳಿಗಾಲದಲ್ಲಿ ಮತ್ತೆ ಮೈತುಂಬಿಕೊಳ್ಳುವಳು. ಹೀಗೇ ಯುಗಗಳು ಕಳೆದವು.

ಆಮೇಲೆ ನಮ್ಮ ಜನ ಒಲೆ ಹಚ್ಚಿದರು. ಅಡುಗೆಯ ಒಲೆಯಲ್ಲ ಪುಟ್ಟಿ, ನೆಲದೊಳಗಿನ ಕಲ್ಲಿದ್ದಲು, ಎಣ್ಣೆ ತೆಗೆದು ಉರಿಸುವ ದೊಡ್ಡ ಒಲೆ. ಅದರ ಹೊಗೆ ಕಂಬಳಿಯಂತೆ ಭೂಮಿಯನ್ನು ಸುತ್ತಿಕೊಂಡಿತು. ಸೆಕೆಗೆ ಹಿಮವ್ವನ ಸೆರಗಿನ ಅಂಚು ಕರಗಿತು. ಕರಗಿದ ಕಡೆ ತಾಯಿಯ ಕಡುನೀಲಿ ಮೈ ಬಿಸಿಲಿಗೆ ತೆರೆದುಕೊಂಡಿತು.

ಕಡಲಮ್ಮ ಹೆದರಿದಳು. "ಸೂರ್ಯಣ್ಣ, ಯಾಕೆ ಇಷ್ಟು ಸುಡ್ತೀಯ?"

"ನಾನು ಕೊಡೋದು ಮೊದಲಿನಷ್ಟೇ ತಂಗಿ. ತಿರುಗಿಸೋಳು ಕಮ್ಮಿಯಾದಳು" ಎಂದ ಸೂರ್ಯ. ಈ ಸಲ ಅವನು ನಗಲಿಲ್ಲ.

ಕಡಲಮ್ಮ ಬಿಸಿಲಿಗೆ ಬೆನ್ನು ತಿರುಗಿಸಲು ನೋಡಿದಳು. ಆಗಲಿಲ್ಲ. ಬೇಡವೆಂದರೂ ಬಿಸಿಲು ಒಳಗಿಳಿಯಿತು, ಆ ಬಿಸಿ ಮಗಳನ್ನೇ ಅಡಿಯಿಂದ ಕರಗಿಸಿತು. ಅವಳು ಕರಗಿದಷ್ಟೂ ಕಡಲು ತೆರೆಯಿತು, ತೆರೆದಷ್ಟೂ ಕುಡಿಯಿತು.

"ನನ್ನ ಬಿಟ್ಟು ದೂರ ಹೋಗು ಮಗಳೇ."

"ಎಲ್ಲಿಗೆ ಹೋಗಲಿ ಅಮ್ಮ? ನಾನೂ ನೀರೇ ಅಲ್ವಾ?" ಹಿಮವ್ವನ ದನಿ ತೀರಾ ಸಣ್ಣದಾಗಿತ್ತು. "ಒಲೆ ಹಚ್ಚಿದವರನ್ನ ಕೇಳಿ ನೋಡು. ಆರಿಸ್ತಾರೇನೋ."

ಕಡಲಮ್ಮ ಕೇಳಲು ಹೊರಟಳು.

ಅದಕ್ಕೇ ಪುಟ್ಟಿ, ಭೂಮಿಯ ನೆತ್ತಿಯ ಬಿಳುಪು ಬೇಸಿಗೆಯಿಂದ ಬೇಸಿಗೆಗೆ ಕಿರಿದಾಗುತ್ತಿದೆ. ಕಾದು ಉಬ್ಬಿದ ಕಡಲಮ್ಮ, ಮಗಳು ಇನ್ನೂ ಇರುವಾಗಲೇ ಕೇಳಿಬಿಡಬೇಕೆಂದು, ನಮ್ಮ ಮೀನುಗಾರರ ಮನೆಗಳ ಕಡೆಗೆ ವರ್ಷ ವರ್ಷವೂ ಇನ್ನಷ್ಟು ಮೇಲೇರಿ ಬರುತ್ತಿದ್ದಾಳೆ.