ಭಾವಮೈದುನನ ಕೈಗೆ ಕೊಟ್ಟ ಹಗ್ಗ

"ಮೇಷ್ಟ್ರೇ, ತನ್ನ ಜನರ ಬಗ್ಗೆ ತಾನೇ ಬರೆಯುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಬೊಮ್ಮಯ್ಯ. ಕಾಡಂಚಿನ ಹಾಡಿಯೊಂದರಲ್ಲಿ ಹುಟ್ಟಿದವನು. ಓದಿ, ಡಾಕ್ಟರೇಟ್ ಮಾಡಿ, ಆ ವರ್ಷವಷ್ಟೇ ವಿಶ್ವವಿದ್ಯಾಲಯದ ಬುಡಕಟ್ಟು ಅಧ್ಯಯನ ವಿಭಾಗಕ್ಕೆ ಅಧ್ಯಾಪಕನಾಗಿ ಸೇರಿದ್ದ. ತನ್ನ ಹಾಡಿಯವರು ಕಾಡಿನಿಂದ ಹೊರಬಿದ್ದ ಬಗೆಯನ್ನು ಬರೆಯುತ್ತಿದ್ದ, ತರಗತಿಯಲ್ಲಿ ಅದನ್ನೇ ಪಾಠ ಮಾಡುತ್ತಿದ್ದ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮರುದಿನ ಬೆಳಿಗ್ಗೆ ಅದಕ್ಕಾಗಿಯೇ ಸಮಿತಿಯ ಮುಂದೆ ನಿಲ್ಲಬೇಕಿತ್ತು. ಸಮಿತಿಯ ಹಿರಿಯರೊಬ್ಬರು ಅವನನ್ನು ಮೊದಲೇ ಕರೆದು ಹೇಳಿದ್ದರು: "ನಿನ್ನವರ ಬಗ್ಗೆ ನೀನೇ ಬರೆದರೆ ಅದು ಸಂಶೋಧನೆ ಆಗೋದಿಲ್ಲಪ್ಪ, ನೆಂಟಸ್ತಿಕೆ ಆಗುತ್ತೆ. ಬೇರೆ ಬುಡಕಟ್ಟು ಆರಿಸಿಕೋ. ನಿನ್ನ ಹಾಡಿಯನ್ನು ಹೊರಗಿನವರು ಯಾರಾದರೂ ನೋಡಿಕೊಳ್ಳಲಿ." ಒಪ್ಪಿದರೆ ಕೆಲಸ ಉಳಿಯುತ್ತದೆ. ಒಪ್ಪದಿದ್ದರೆ ಏನೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮರಿಸ್ವಾಮಿ ಮೇಷ್ಟ್ರು ಅವನಿಗೆ ಎಂ.ಎ.ಯಲ್ಲಿ ಪಾಠ ಹೇಳಿದವರು. ನಿವೃತ್ತರಾಗಿದ್ದರು. ಮಾತು ಸ್ವಲ್ಪ ಖಾರ.

"ತಪ್ಪೋ ಒಪ್ಪೋ ಆಮೇಲೆ ನೋಡೋಣ. ಮೊದಲು ನೀರು ಕುಡಿ, ಮುಖ ಬಾಡಿಹೋಗಿದೆ," ಎಂದು ಅವರು ಕತೆ ಹೇಳತೊಡಗಿದರು.

ಒಂದು ಕಾಡಿನಲ್ಲಿ ಒಬ್ಬ ಜೇನು ಕೀಳುವವನಿದ್ದ. ಹೆಜ್ಜೇನು ಕೈಗೆಟುಕುವ ಕಡೆ ಕಟ್ಟುತ್ತದೆಯೇ? ಕಡಿದಾದ ಬಂಡೆಯ ಎದೆಗೆ ಕಟ್ಟುತ್ತದೆ. ಬಂಡೆಯ ನೆತ್ತಿಯಿಂದ ಹಗ್ಗ ಇಳಿಬಿಟ್ಟು, ಹೊಗೆಯಾಡುವ ಸೊಪ್ಪಿನ ಕಟ್ಟು ಹಿಡಿದುಕೊಂಡು, ಅದಕ್ಕೆ ಜೋತುಬಿದ್ದು ಇಳಿಯಬೇಕು. ಮೇಲೆ ಒಬ್ಬ ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು. ಇಳಿದವನ ಜೀವ ಅವನ ಅಂಗೈಯಲ್ಲಿ. ಆ ಜನರಲ್ಲಿ ಒಂದು ಕಟ್ಟುಪಾಡಿತ್ತು. ಹಗ್ಗ ಹಿಡಿಯುವವನು ಇಳಿಯುವವನ ಭಾವಮೈದುನನೇ ಆಗಬೇಕು, ಅಂದರೆ ಅವನ ಹೆಂಡತಿಯ ತಮ್ಮ. ಸ್ವಂತ ಅಣ್ಣತಮ್ಮಂದಿರೂ ಬೇಡ, ಗೆಳೆಯನೂ ಬೇಡ. ಯಾಕೆ ಎಂದು ಈಗಲೇ ಕೇಳಬೇಡ.

ಈ ಜೇನಿನವನಿಗೂ ಅವನ ಭಾವಮೈದುನನಿಗೂ ಮಾತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಭಾವಮೈದುನನ ತಾಯಿ ಸಾಯುತ್ತ ಮಲಗಿದ್ದಳು. ಮಗಳನ್ನು ನೋಡಬೇಕೆಂದು ಹೇಳಿಕಳಿಸಿದಳು. ಹೊಳೆಯ ನೆರೆ ಇಳಿಯಲಿ, ಆಮೇಲೆ ಕಳಿಸಿದರಾಯಿತು ಎಂದ ಜೇನಿನವನು. ಹೊಳೆ ಇಳಿಯುವಷ್ಟರಲ್ಲಿ ಮುದುಕಿಯನ್ನು ಮಣ್ಣು ಮಾಡಿಯಾಗಿತ್ತು. ಅಕ್ಕನಿಗೆ ತಾಯಿಯ ಮುಖ ಸಿಗಲಿಲ್ಲ. ಅಂದಿನಿಂದ ತಮ್ಮನು ಭಾವನ ಜೊತೆ ಮಾತು ಬಿಟ್ಟ. ಸಿಟ್ಟು ಅಂದರೆ ಅಂಥಿಂಥ ಸಿಟ್ಟಲ್ಲ.

ಜೇನಿನ ಕಾಲ ಬಂತು. ಹೊತ್ತು ಇಳಿಯುವಾಗ ಇಬ್ಬರೂ ಬಂಡೆ ಹತ್ತಿದರು, ಒಬ್ಬ ಮುಂದೆ, ಒಬ್ಬ ಹಿಂದೆ. ಜೇನು ಕೊಳ್ಳಲು ಬಂದ ವರ್ತಕನೊಬ್ಬ ಜೊತೆಗಿದ್ದ. ಅವನಿಗೆ ಜಗಳದ ವಿಷಯ ಗೊತ್ತಿತ್ತು. ಅವನು ಒಳ್ಳೆಯ ಮನುಷ್ಯ. ಅದನ್ನು ಮರೆಯಬೇಡ ಬೊಮ್ಮಯ್ಯ, ಈ ಕತೆಯಲ್ಲಿ ವರ್ತಕ ಕೆಟ್ಟವನಲ್ಲ. ಅವನು ಜೇನಿನವನನ್ನು ಪಕ್ಕಕ್ಕೆ ಕರೆದ.

"ನಿನಗೆ ತಲೆ ನೆಟ್ಟಗಿದೆಯಾ? ನಿನ್ನ ಕಂಡರೆ ಹಲ್ಲು ಕಡಿಯುವವನ ಕೈಗೆ ಹಗ್ಗ ಕೊಡ್ತಾ ಇದ್ದೀಯಲ್ಲ. ನನಗೆ ಕೊಡು. ನನಗೆ ನಿನ್ನ ಮೇಲೆ ಸಿಟ್ಟೂ ಇಲ್ಲ, ಅವನ ಮೇಲೆ ಮಮತೆಯೂ ಇಲ್ಲ. ತೋಳಲ್ಲಿ ಬಲವೂ ಇದೆ."

"ಹಗ್ಗ ಜಾರಿ ನಾನು ಬಿದ್ದರೆ ನಿನಗೆ ಏನಾಗುತ್ತೆ?" ಎಂದು ಜೇನಿನವನು ಕೇಳಿದ.

"ಏನಾಗುತ್ತೆ ಅಂದರೆ? ದುಃಖ ಆಗುತ್ತೆ."

"ಅಷ್ಟೇ ತಾನೆ," ಎಂದು ಜೇನಿನವನು ಹಗ್ಗದ ಒಂದು ತುದಿಯನ್ನು ಭಾವಮೈದುನನ ಮುಂದೆ ಇಟ್ಟ, ಇನ್ನೊಂದನ್ನು ಸೊಂಟಕ್ಕೆ ಬಿಗಿದುಕೊಂಡು ಇಳಿದ.

ಭಾವಮೈದುನ ಹಗ್ಗವನ್ನು ಮರಕ್ಕೆ ಸುತ್ತಿ ಹಿಡಿದ. ಹಗ್ಗ ಮೊಳ ಮೊಳವಾಗಿ ಸರಿಯಿತು. ಭಾವ ಕಣ್ಣಿಗೆ ಮರೆಯಾದ. ಅವನು ಇದ್ದಾನೆ ಎಂದು ಗೊತ್ತಾಗುತ್ತಿದ್ದುದು ಭಾರದಿಂದ ಮಾತ್ರ. ಜೇನಿನ ಎದುರು ಕೂಗುವ ಹಾಗಿಲ್ಲ. ಕೆಳಗಿನಿಂದ ಹಗ್ಗ ಜಗ್ಗಿದರೆ ಮೇಲೆ ಎಳೆಯಬೇಕು. ಎಷ್ಟು ಹೊತ್ತು ಕಾದರೂ ಹಗ್ಗ ಜಗ್ಗಲಿಲ್ಲ. ಅಷ್ಟರಲ್ಲಿ ಗಾಳಿ ತಿರುಗಿತು.

ಗಾಳಿ ತಿರುಗಿದರೆ ಹೊಗೆಯೂ ತಿರುಗುತ್ತದೆ, ಜೇನುಹುಳು ಮೇಲಕ್ಕೆ ನುಗ್ಗುತ್ತದೆ. ಮೊದಲು ಗುಂಯ್ ಎಂಬ ಸದ್ದು ಬಂತು. ಅದರ ಬೆನ್ನಿಗೇ ಹುಳು ಬಂತು. ವರ್ತಕ ಮೇಲುಬಟ್ಟೆಯನ್ನು ತಲೆಗೆ ಸುತ್ತಿಕೊಂಡು ಕಾಡೊಳಗೆ ಓಡಿದ. ಅವನನ್ನು ಬೈಯಬೇಡ. ನಾನಾಗಿದ್ದರೆ ಅವನಿಗಿಂತ ಮುಂದೆ ಓಡುತ್ತಿದ್ದೆ, ನೀನು ನನ್ನ ಹಿಂದೆ.

ಭಾವಮೈದುನನ ಹಣೆಗೆ ಹುಳು ಕಚ್ಚಿತು. ರೆಪ್ಪೆಗೆ ಕಚ್ಚಿತು. ಒರೆಸಿಕೊಳ್ಳಲು ಕೈ ಬೇಕು, ಕೈಯಲ್ಲಿ ಹಗ್ಗವಿತ್ತು. ಆಗ ಅವನ ತಲೆಗೆ ಒಂದು ಯೋಚನೆ ಬಂತು. ಈಗ ಕೈಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ. ನೋಡಲು ಒಂದು ನರಪಿಳ್ಳೆಯೂ ಇಲ್ಲ. ಹುಳು ಮುತ್ತಿತು, ಪಾಪ, ಅವನಾದರೂ ಏನು ಮಾಡಿಯಾನು ಎಂದು ಇಡೀ ಹಾಡಿ ಅವನಿಗೇ ಅಯ್ಯೋ ಅನ್ನುತ್ತದೆ. ಸಾಯುವ ಹೊತ್ತಿನಲ್ಲಿ ತಾಯಿ ಬಾಗಿಲ ಕಡೆಗೇ ನೋಡುತ್ತಿದ್ದುದು ಅವನ ಕಣ್ಣಿಗೆ ಕಟ್ಟಿತು. ಬೆರಳು ಸಡಿಲವಾಯಿತು. ಹಗ್ಗ ಗೇಣುದ್ದ ಜಾರಿತು, ಅಂಗೈ ಸುಲಿಯಿತು.

ಕೆಳಗಿನವನಿಗೂ ಅದು ಗೊತ್ತಾಗಿರಬೇಕು. ಆದರೂ ಅವನು ಕೂಗಲಿಲ್ಲ.

ಭಾವಮೈದುನನಿಗೆ ಅಕ್ಕ ನೆನಪಾದಳು. ತುಂಬು ಬಸುರಿ. ಗಂಡ ಸತ್ತರೆ ಅವಳು ತಿರುಗಿ ಬರುವುದು ತಮ್ಮನ ಮನೆಗೇ. ಬೆಳಗಾದರೆ ಆ ಮುಖ ನೋಡಬೇಕಾದವನು ಅವನು. ಅವಳು ಬಡಿಸಿದ ಮುದ್ದೆ ನುಂಗಬೇಕಾದವನು ಅವನು. ನಾಳೆ ಹುಟ್ಟುವ ಕೂಸು ನನ್ನಪ್ಪ ಹೇಗೆ ಸತ್ತ ಎಂದು ಕೇಳುವುದೂ ಅವನನ್ನೇ. ಹಾಡಿಗೆ ಸುಳ್ಳು ಹೇಳಬಹುದು. ಒಂದೇ ಒಲೆಯ ಮುಂದೆ ಕೂತವರಿಗೆ ಎಷ್ಟು ದಿನ ಹೇಳುವುದು? ಭಾವನ ಮೇಲೆ ಅವನಿಗೆ ಆಗಲೂ ಪ್ರೀತಿ ಹುಟ್ಟಲಿಲ್ಲ. ಅವನು ಕಣ್ಣು ಮುಚ್ಚಿ, ಹಗ್ಗವನ್ನು ತನ್ನ ಸೊಂಟಕ್ಕೂ ಒಂದು ಸುತ್ತು ತಂದುಕೊಂಡು, ಮರಕ್ಕೆ ಕಾಲು ಕೊಟ್ಟು ಕೂತುಬಿಟ್ಟ. ಹುಳು ಕಚ್ಚುತ್ತಲೇ ಇತ್ತು.

ಕೊನೆಗೂ ಹಗ್ಗ ಜಗ್ಗಿತು. ಅವನು ಎಳೆದ. ಜೇನಿನವನು ಮೇಲೆ ಬಂದು ನೋಡಿದರೆ ಭಾವಮೈದುನನ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಜೇನಿನವನು ಅವನ ರಟ್ಟೆ ಹಿಡಿದು ಬಂಡೆ ಇಳಿಸಿ ಮನೆ ಮುಟ್ಟಿಸಿದ, ಅಷ್ಟೇ. ಜಗಳವೇನೂ ಮುಗಿಯಲಿಲ್ಲ. ಮುಂದಿನ ಸಲದ ಜೇನಿಗೂ ಅವರು ಮಾತಿಲ್ಲದೆಯೇ ಬಂಡೆ ಹತ್ತಿದರು, ಹಗ್ಗ ಭಾವಮೈದುನನ ಕೈಯಲ್ಲೇ ಇತ್ತು.

ಇಷ್ಟು ಹೇಳಿ ಮೇಷ್ಟ್ರು ಕತೆ ಮುಗಿಸಿದರು.

ಬೊಮ್ಮಯ್ಯನಿಗೆ ಹೋದ ಜೀವ ಬಂದಂತಾಯಿತು. ಯಾವುದನ್ನು ಹಿರಿಯರು ಕುಂದು ಎಂದು ಎತ್ತಿ ತೋರಿಸಿದ್ದರೋ ಅದೇ ತನ್ನ ಅರ್ಹತೆ ಎಂದು ಅವನಿಗೆ ಅನಿಸಿತು. ಸಮಿತಿಯ ಮುಂದೆ ಆಡಬೇಕಾದ ಮಾತುಗಳು ಆಗಲೇ ಬಾಯಿಗೆ ಬರತೊಡಗಿದವು.

"ನಾಳೆ ಹೋಗಿ ಇದನ್ನೇ ಹೇಳ್ತೀನಿ ಮೇಷ್ಟ್ರೇ. ಕೆಲಸ ಹೋದರೆ ಹೋಗಲಿ, ವರ್ತಕನ ಕೈಗೆ ಹಗ್ಗ ಕೊಡೋದಿಲ್ಲ ಅಂತೀನಿ. ನಮ್ಮ ಹಾಡಿಗೆ ನನಗಿಂತ ಹತ್ತಿರದವರು ಇನ್ಯಾರಿದ್ದಾರೆ?"

"ಸರಿ," ಎಂದರು ಮೇಷ್ಟ್ರು. "ಹಾಡಿಯಲ್ಲಿರೋ ನಿನ್ನ ಅಕ್ಕನ ಮನೆಯಲ್ಲಿ ನೀನು ಕೊನೆಯ ಸಲ ಉಂಡದ್ದು ಯಾವಾಗ?"

ಬೊಮ್ಮಯ್ಯ ಬೆರಳು ಮಡಚಿ ವರ್ಷಗಳನ್ನು ಎಣಿಸತೊಡಗಿದ.