ಬಾಗಿಲಿಗೊಂದು ನಿಲುಗಡೆ

"ಗುರುಗಳೇ, ಕೇಳಿದವರಿಗೆಲ್ಲ ಕೊಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನು ಈಗ ನಗರದ ರೈಲು ಕಚೇರಿಯಲ್ಲಿ ದೊಡ್ಡ ಅಧಿಕಾರಿ. ಹೊಸ ಮಾರ್ಗದಲ್ಲಿ ರೈಲು ಎಲ್ಲೆಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವ ಕೆಲಸ ಅವನದು. ಬಡಾವಣೆಯವರು ಬಂದು ಕೇಳಿದರು, ಅಂಗಡಿಬೀದಿಯವರು ಬಂದು ಕೇಳಿದರು; ಅವನು ಯಾರಿಗೂ ಇಲ್ಲವೆನ್ನಲಿಲ್ಲ. ಈಗ ನಕ್ಷೆಯಲ್ಲಿ ಕೂಗಳತೆಗೊಂದು ನಿಲ್ದಾಣವಾಗಿತ್ತು. ಹೀಗಾದರೆ ರೈಲು ತೆವಳುತ್ತದೆ ಎಂದು ಕಚೇರಿಯ ಕಿರಿಯರು ತಕರಾರು ತೆಗೆದಿದ್ದರು. ನಾಳೆ ಅವನು ನಕ್ಷೆಗೆ ರುಜು ಹಾಕಬೇಕಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಡಿಯವನಿದ್ದ. ದೂರದವರು ನಡೆದು ಸಾಯಬಾರದೆಂದು ಊರ ಹಿರಿಯರು ಉದ್ದನೆಯದೊಂದು ಎತ್ತಿನ ಗಾಡಿ ಮಾಡಿಸಿ ಅವನ ಕೈಗೆ ಕೊಟ್ಟಿದ್ದರು. ಬೆಳಗಾಗುತ್ತಲೇ ಅದು ಕೊನೆಯ ಹಟ್ಟಿಯಿಂದ ಹೊರಟು ಮಾರುಕಟ್ಟೆಯ ಚೌಕಕ್ಕೆ ಬರುತ್ತಿತ್ತು. ನಡುವೆ ಕೆರೆಯ ಏರಿಯಲ್ಲೊಮ್ಮೆ, ಆಲದ ಮರದ ಕೆಳಗೊಮ್ಮೆ ನಿಲ್ಲುತ್ತಿತ್ತು, ಅಷ್ಟೇ. ಕೊನೆಯ ಹಟ್ಟಿಯ ಸೊಪ್ಪಿನವಳು ಎಲ್ಲರಿಗಿಂತ ಮೊದಲು ಹತ್ತುವಳು. ಬಿಸಿಲೇರುವ ಮೊದಲು ಮಾರಿದರೆ ಅದು ಸೊಪ್ಪು. ಆಮೇಲೆ ದನದ ಮೇವು.

ಊರು ಬೆಳೆಯಿತು. ದಾರಿಯುದ್ದಕ್ಕೂ ಮನೆಗಳೆದ್ದವು. ಕೆರೆ ದಾಟಿದ ಮೇಲೆ ಒಬ್ಬ ಜವಳಿ ವರ್ತಕನ ಮನೆ. ಒಂದು ದಿನ ಅವನು ಬಾಗಿಲಲ್ಲಿ ನಿಂತು ಕೈ ಅಡ್ಡ ಹಾಕಿದ. ಗಾಡಿಯವನಿಗೆ ಇಲ್ಲವೆನ್ನಲು ನಾಲಗೆ ಏಳಲಿಲ್ಲ, ನಿಲ್ಲಿಸಿದ. ಮಾರನೆಯ ದಿನ ಎದುರುಮನೆಯವನು ತಾನೇನು ಕಡಿಮೆ ಎಂದ. ಅವನಿಗೂ ನಿಲ್ಲಿಸಿದ. ಹೀಗೆ ಬಾಗಿಲಿಗೊಂದು ನಿಲುಗಡೆಯಾಯಿತು. ಒಬ್ಬರು ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಬರುವರು, ಇನ್ನೊಬ್ಬರು ಮರೆತ ಶಲ್ಯಕ್ಕೆಂದು ಮತ್ತೆ ಒಳಗೆ ಹೋಗುವರು. ಓಡುವ ಗಾಡಿಗಿಂತ ನಿಂತ ಗಾಡಿಯನ್ನು ಎಳೆಯುವುದೇ ಎತ್ತಿಗೆ ಭಾರ. ಅವುಗಳ ಬಾಯಲ್ಲಿ ನೊರೆ ಬಂತು. ಬೀದಿಯವರೆಲ್ಲ ಗಾಡಿಯವನನ್ನು ಬಹಳ ಒಳ್ಳೆಯವನೆಂದು ಹೊಗಳಿದರು. ಹೊಗಳಿಕೆ ಅವನಿಗೆ ಹಿತವಾಗಿತ್ತು.

ಸೊಪ್ಪಿನವಳು ಹೊತ್ತಾಗುತ್ತದೆ ಎಂದು ಹೇಳಿ ನೋಡಿದಳು.

"ಒಂದು ಗಳಿಗೆ ನಿಂತ್ರೆ ನಿನ್ನ ಗಂಟೇನು ಹೋಯ್ತದೆ?" ಎಂದು ವರ್ತಕ ಗದರಿದ. ಗಾಡಿಯವನು ಕೇಳಿಸದವನಂತೆ ಎತ್ತುಗಳನ್ನು ನೋಡುತ್ತ ಕುಳಿತ. ಆ ದಿನ ಅವಳು ಬಾಡಿದ ಸೊಪ್ಪನ್ನು ಹಾಗೆಯೇ ಹೊತ್ತು ಮನೆಗೆ ಹೋದಳು.

ಮರುದಿನ ಅವಳು ಗಾಡಿ ಹತ್ತಲಿಲ್ಲ. ಬುಟ್ಟಿಯನ್ನು ತಲೆಯ ಮೇಲಿಟ್ಟು ನಡೆದಳು. ಕೆರೆಯ ಏರಿಯವರೆಗೆ ಗಾಡಿ ಮುಂದಿತ್ತು. ವರ್ತಕನ ಬಾಗಿಲಲ್ಲಿ ಅವಳು ಅದನ್ನು ಹಿಂದೆ ಹಾಕಿದಳು.

"ಹತ್ತಮ್ಮ, ಜಾಗ ಐತೆ," ಎಂದ ಗಾಡಿಯವನು.

"ಬ್ಯಾಡಪ್ಪ, ನಾನು ಬೇಗ ಹೋಗ್ಬೇಕು," ಎಂದು ಅವಳು ತಿರುಗಿಯೂ ನೋಡದೆ ನಡೆದಳು.

ಗಾಡಿಯಲ್ಲಿದ್ದವರು ನಕ್ಕರು. ಗಾಡಿಯವನಿಗೆ ನಗು ಬರಲಿಲ್ಲ. ದೂರದವರಿಗಾಗಿ ಮಾಡಿಸಿದ ಗಾಡಿಯಲ್ಲಿ ದೂರದವರೇ ಇರಲಿಲ್ಲ. ತನ್ನ ಒಳ್ಳೆಯತನದ ಮೇಲೆ ಅವನಿಗೇ ಸಿಟ್ಟು ಬಂತು.

ಮಾರನೆಯ ಬೆಳಗ್ಗೆ ಅವನು ಅವಳ ಬುಟ್ಟಿಯನ್ನು ತಾನೇ ಎತ್ತಿ ಗಾಡಿಯಲ್ಲಿಟ್ಟ. ಅವಳೂ ಹತ್ತಿದಳು. ವರ್ತಕ ಎಂದಿನಂತೆ ಕೈ ಅಡ್ಡ ಹಾಕಿದ. ಗಾಡಿ ನಿಲ್ಲಲಿಲ್ಲ. ಅವನು ಪಂಚೆ ಎತ್ತಿ ಕಟ್ಟಿ ಹಿಂದೆ ಓಡಿಬಂದ.

"ಹಿರಿಯರಿಗೆ ಹೇಳ್ತೀನಿ. ನಾಳೆಯಿಂದ ನಿನ್ನ ಕೈಯಲ್ಲಿ ಹಗ್ಗ ಇರಲ್ಲ, ನೋಡ್ಕೋ."

"ನಾಳೇದು ನಾಳೆಗಾಯ್ತು ಸಾವ್ಕಾರ್ರೆ. ಇವತ್ತು ಹಗ್ಗ ನನ್ನ ಕೈಲೈತೆ. ಆಲದ ಮರದ ಹತ್ರ ಬನ್ನಿ, ಹತ್ತಿಸ್ಕೋತೀನಿ."

ಗಾಡಿಯವನು ಹಗ್ಗ ಎಳೆದು ನಿಲ್ಲಿಸಲಿಲ್ಲ. ಆ ದಿನ ಸೊಪ್ಪಿನ ಮೇಲಿನ ನೀರು ಆರುವ ಮೊದಲೇ ಗಾಡಿ ಚೌಕ ಸೇರಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ನಾನು ಆ ಗಾಡಿಯವನಂತೆ ಕಿವಿ ಮುಚ್ಚಿ ಕುಳಿತವನಲ್ಲ, ಗುರುಗಳೇ. ಯಾರು ಬೇಕಾದರೂ ಬಂದು ಹೇಳಲೆಂದು ಕಚೇರಿಯ ಬಾಗಿಲು ತೆರೆದೇ ಇಟ್ಟಿದ್ದೆ. ಮಾರ್ಗದ ಕೊನೆಯ ಹಳ್ಳಿಗಳಿಂದ ಒಬ್ಬರೂ ಬರಲಿಲ್ಲ," ಎಂದ.

ಗುರುಗಳು ಅವನ ಮುಖ ನೋಡಿದರು.

"ಅಷ್ಟು ದೂರದಿಂದ ಅವರು ಯಾವುದರಲ್ಲಿ ಬರಬೇಕಿತ್ತು?"